ಶತ್ರುವಿನ ಭಾಷೆಯನ್ನು ಕಲಿಸಿದ ಗುರುಗಳು

ಪರಭಾಷೆಯೊಂದನ್ನು ಕಲಿಯಬಯಸುವವರಿಗೆ ಇಂದು ಹೇಳಲಾಗುವ ಉಪಾಯಗಳು ಮುಖ್ಯವಾಗಿ ಎರಡು. ಮೊದಲನೆಯದು, ದಿನವಿಡೀ ಆ ಭಾಷೆಯ ನಡುವೆಯೇ ಇದ್ದು ಕೇಳುವುದು, ಓದುವುದು, ಮಾತನಾಡುವುದು. ಎರಡನೆಯದು, ಪದಗಳನ್ನು ಸಣ್ಣ ಚೀಟಿಗಳಲ್ಲಿ ಬರೆದುಕೊಂಡು ಮತ್ತೆ ಮತ್ತೆ ತಿರುವಿಹಾಕುವುದು. ಜಪಾನೀ ಕಲಿಯುವ ತರುಣರು ಈಗ ಈ ಚೀಟಿಗಳನ್ನು, 2006ರಲ್ಲಿ ಬಂದ 'ಆಂಕಿ' ಎಂಬ ತಂತ್ರಾಂಶದ ಮೂಲಕ, ಮೊಬೈಲಿನಲ್ಲಿಯೇ ಇಟ್ಟುಕೊಂಡಿರುತ್ತಾರೆ. ಆ ಜಪಾನೀ ಪದಕ್ಕೆ ಕಂಠಪಾಠವೆಂದೇ ಅರ್ಥ. ಉಪಕರಣ ಹೊಸದಾದರೂ ವಿಧಾನ ಹಳೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದೇ ವಿಧಾನದಿಂದ ನಡೆದ ಒಂದು ಶಾಲೆಯ ಕಥೆಯನ್ನು, ವಿಶೇಷವಾಗಿ ಅಲ್ಲಿನ ಅಧ್ಯಾಪಕರ ಕಥೆಯನ್ನು, ಇಲ್ಲಿ ಹೇಳಬಯಸುತ್ತೇನೆ.

ಜಪಾನೀ ಲಿಪಿಯ ಕಷ್ಟವನ್ನು ಮೊದಲು ತಿಳಿಯಬೇಕು. ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳನ್ನು ಕಲಿತ ಕನ್ನಡದ ಮಗು ಅರ್ಥ ತಿಳಿಯದ ಪದವನ್ನೂ ಓದಬಲ್ಲದು. ಜಪಾನಿನ ಮಗುವಿಗೆ ಆ ಅನುಕೂಲವಿಲ್ಲ. ಅಲ್ಲಿ ಎರಡು ಅಕ್ಷರಮಾಲೆಗಳ ಜೊತೆಗೆ ಚೀನಾದಿಂದ ಬಂದ 'ಕಾಂಜಿ' ಚಿಹ್ನೆಗಳಿವೆ. 2010ರ ಸರ್ಕಾರಿ ಪಟ್ಟಿಯಲ್ಲಿ ಅವುಗಳ ಸಂಖ್ಯೆ 2,136. ಒಂದೊಂದಕ್ಕೂ ಹಲವು ಉಚ್ಚಾರಗಳಿರಬಹುದು. ಪರ್ವತದ ಚಿಹ್ನೆ ಒಂಟಿಯಾಗಿದ್ದರೆ 'ಯಾಮಾ'. ಫುಜಿ ಪರ್ವತದ ಹೆಸರಿನೊಡನೆ ಬಂದರೆ 'ಸಾನ್'. ಇಂಥದನ್ನು ನಿತ್ಯದ ಅಭ್ಯಾಸವಿಲ್ಲದೆ ನೆನಪಿನಲ್ಲಿಡಲಾಗದು. ಕಲಿತದ್ದನ್ನು ಮನಸ್ಸು ಎಷ್ಟು ಬೇಗ ಮರೆಯುತ್ತದೆಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿಕೊಟ್ಟಿದ್ದರು.

1941ರಲ್ಲಿ ಜಪಾನಿನೊಡನೆ ಯುದ್ಧ ಸನ್ನಿಹಿತವಾದಾಗ ಅಮೆರಿಕದ ನೌಕಾಪಡೆಯಲ್ಲಿ ಆ ಭಾಷೆ ಬಲ್ಲ ಅಧಿಕಾರಿಗಳು ಬೆರಳೆಣಿಕೆಯಷ್ಟಿದ್ದರು. ಆ ವರ್ಷದ ಅಕ್ಟೋಬರಿನಲ್ಲಿ ಹಾರ್ವರ್ಡ್ ಮತ್ತು ಬರ್ಕ್ಲಿಗಳಲ್ಲಿ ತರಗತಿಗಳು ಆರಂಭವಾದವು. ದಿನಕ್ಕೆ ನಾಲ್ಕು ಗಂಟೆ ಪಾಠ, ಅಷ್ಟೇ ಹೊತ್ತು ಅಥವಾ ಇನ್ನೂ ಹೆಚ್ಚು ಸ್ವಂತ ಓದು, ವಾರಕ್ಕೆ ಆರು ದಿನ, ಶನಿವಾರ ಪರೀಕ್ಷೆ. ಒಂದು ತರಗತಿಯಲ್ಲಿ ಐದಾರು ಮಂದಿ ಮಾತ್ರ. ಟೋಕಿಯೋದ ಅಮೆರಿಕನ್ ರಾಯಭಾರ ಕಚೇರಿಯ ಅಧಿಕಾರಿಗಳಿಗೆ ಕಲಿಸಲೆಂದು ನಾವೋಎ ನಗಾನುಮಾ ಎಂಬ ಜಪಾನೀ ಅಧ್ಯಾಪಕರು ರಚಿಸಿದ್ದ ಪುಸ್ತಕಗಳೇ ಪಠ್ಯ. ಊಟದ ಮೇಜಿನಲ್ಲಿಯೂ ಜಪಾನೀ ಮಾತು. ದಾರಿ ನಡೆಯುವಾಗಲೂ ಕೈಯಲ್ಲಿ ಚೀಟಿಗಳ ಕಟ್ಟು. ಹನ್ನೊಂದು ತಿಂಗಳು ಇತ್ಯಾದಿ ಕಾಲಾವಧಿಯಲ್ಲಿ ಕೋರ್ಸು ಮುಗಿಯುತ್ತಿತ್ತು.

ಕಲಿಸುತ್ತಿದ್ದವರು ಯಾರು? ಬಹುಪಾಲು ಅಮೆರಿಕದಲ್ಲಿ ನೆಲೆಸಿದ್ದ ಜಪಾನೀ ಮೂಲದವರು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆದೇಶದ ಫಲವಾಗಿ ಇವರ ಸಮುದಾಯದ ಸುಮಾರು 1,20,000 ಜನರನ್ನು ಪಶ್ಚಿಮ ಕರಾವಳಿಯ ಮನೆಮಠಗಳಿಂದ ಎಬ್ಬಿಸಿ, ಮುಳ್ಳುತಂತಿಯ ಶಿಬಿರಗಳಲ್ಲಿ ಇರಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲಿಯೇ ಹುಟ್ಟಿದ ಪ್ರಜೆಗಳು. ಬರ್ಕ್ಲಿಯಲ್ಲಿ ಅಧ್ಯಾಪಕರನ್ನು ಉಳಿಸಿಕೊಳ್ಳುವುದು ಅಸಾಧ್ಯವಾದ್ದರಿಂದ ಅದೇ ಜೂನ್ ತಿಂಗಳಲ್ಲಿ ಶಾಲೆ ಕೊಲೊರಾಡೋದ ಬೋಲ್ಡರ್ ನಗರಕ್ಕೆ ಸ್ಥಳಾಂತರಗೊಂಡಿತು. ಅಲ್ಲಿಗೆ ಬಂದ ಅಧ್ಯಾಪಕರಲ್ಲಿ ಹಲವರನ್ನು ಶಿಬಿರಗಳಿಂದಲೇ ಕರೆತರಲಾಗಿತ್ತು. ಹಲವರಿಗೆ ಅದಕ್ಕೆ ಮೊದಲು ಬೋಧನೆಯ ಅನುಭವವೂ ಇರಲಿಲ್ಲ. ತಮ್ಮ ಬಂಧುಗಳು ಕಾವಲಿನಲ್ಲಿರುವಾಗ, ತಮ್ಮ ಹಿರಿಯರ ನಾಡಿನ ವಿರುದ್ಧ ಹೋರಾಡಲಿರುವ ಯುವಕರಿಗೆ, ಅವರು ತಾಳ್ಮೆಯಿಂದ ತಾಯ್ನುಡಿಯನ್ನು ಕಲಿಸಿದರು.

ಆ ಪಾಠದ ಫಲವೇನೆಂಬುದನ್ನು ಡೊನಾಲ್ಡ್ ಕೀನ್ ಅವರ ಬಾಳಿನಲ್ಲಿ ಕಾಣಬಹುದು. 1922ರಲ್ಲಿ ಜನಿಸಿದ ಕೀನ್ ಬರ್ಕ್ಲಿಯಲ್ಲಿ ಸೇರಿದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಶಿಕ್ಷಣ ಮುಗಿದೊಡನೆ ಹವಾಯಿಯಲ್ಲಿ ಅವರಿಗೆ ದೊರೆತ ಕೆಲಸ, ಗ್ವಾಡಲ್‌ಕನಾಲ್ ದ್ವೀಪದಲ್ಲಿ ಮಡಿದ ಜಪಾನೀ ಸೈನಿಕರ ದಿನಚರಿಗಳನ್ನು ಓದುವುದು. ರಕ್ತದ ಕಲೆಯಿದ್ದ ಆ ಪುಟಗಳಲ್ಲಿ ಸೇನಾರಹಸ್ಯಗಳಿಗಿಂತ ಹಸಿವು, ಜ್ವರ, ಮನೆಯ ನೆನಪುಗಳೇ ಹೆಚ್ಚಾಗಿದ್ದವು. ಕೆಲವರು ಕೊನೆಯ ಪುಟದಲ್ಲಿ, ಯುದ್ಧ ಮುಗಿದ ಮೇಲೆ ಇದನ್ನು ನನ್ನ ಮನೆಯವರಿಗೆ ತಲುಪಿಸಿ ಎಂದು ಇಂಗ್ಲಿಷಿನಲ್ಲಿ ಕೋರಿದ್ದರು. ಕೀನ್ ಅಂಥ ದಿನಚರಿಗಳನ್ನು ನಿಯಮ ಮೀರಿ ತಮ್ಮ ಮೇಜಿನಲ್ಲಿ ಬಚ್ಚಿಟ್ಟರು. ಆದರೆ ಅವು ಪತ್ತೆಯಾಗಿ ಮುಟ್ಟುಗೋಲಾದವು. ಆ ಮೃತ ಸೈನಿಕರೇ ತಾವು ನಿಜವಾಗಿ ಅರಿತ ಮೊದಲ ಜಪಾನೀಯರೆಂದು ಅವರು ಮುಂದೆ ನೆನೆಯುತ್ತಿದ್ದರು. ಯುದ್ಧಾನಂತರ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಪಾನೀ ಸಾಹಿತ್ಯವನ್ನು ದಶಕಗಳ ಕಾಲ ಬೋಧಿಸಿದರು. 2011ರ ಭೂಕಂಪ ಹಾಗೂ ಸುನಾಮಿಯ ಬಳಿಕ ಎಷ್ಟೋ ವಿದೇಶೀಯರು ಜಪಾನನ್ನು ತೊರೆದಾಗ, ಕೀನ್ ಅಲ್ಲಿಯೇ ನೆಲೆಸಲು ನಿರ್ಧರಿಸಿ 2012ರಲ್ಲಿ ಆ ದೇಶದ ಪೌರತ್ವ ಪಡೆದರು. 2019ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ ಟೋಕಿಯೋದಲ್ಲಿ ತೀರಿಕೊಂಡರು.

ಅದೇ ಬೋಲ್ಡರಿನಲ್ಲಿ ಕಲಿತ ಎಡ್ವರ್ಡ್ ಸೈಡನ್‌ಸ್ಟಿಕರ್ ಅವರು ಕವಾಬಾತಾ ಅವರ ಕಾದಂಬರಿಗಳನ್ನು ಇಂಗ್ಲಿಷಿಗೆ ತಂದರು. 1968ರಲ್ಲಿ ಕವಾಬಾತಾ ಅವರಿಗೆ ನೊಬೆಲ್ ಬಂದುದರಲ್ಲಿ ಆ ಅನುವಾದಗಳ ಪಾಲೂ ಇದೆ. ಶಿಬಿರಗಳಲ್ಲಿ ಬಂಧಿಸಿದ್ದಕ್ಕಾಗಿ ಅಮೆರಿಕ ಸರ್ಕಾರ ವಿಧ್ಯುಕ್ತವಾಗಿ ಕ್ಷಮೆ ಕೇಳಿದ್ದು 1988ರಲ್ಲಿ. ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ನಿಗದಿಯಾಯಿತು. ಆ ವೇಳೆಗೆ ಬೋಲ್ಡರಿನ ಗುರುಗಳಲ್ಲಿ ಅನೇಕರು ಕಾಲವಾಗಿದ್ದರು.

ಶಿಷ್ಯರ ಹೆಸರು ಗ್ರಂಥಗಳಲ್ಲಿ ಉಳಿಯಿತು. ಈ ಗುರುಗಳ ಹೆಸರುಗಳನ್ನು ಬಲ್ಲವರು ವಿರಳ. ಕಂಠಪಾಠವೆಂದರೆ ಬುದ್ಧಿಗೆ ಕೆಲಸವಿಲ್ಲದ ಗಿಳಿಪಾಠವೆಂದು ಹಳಿಯುವವರು ಇದ್ದಾರೆ. ಆದರೆ ಚೀಟಿ ತಿರುವುತ್ತ ಕಲಿತ ಅಕ್ಷರಗಳಿಂದಲೇ ಕೀನ್, ಸತ್ತ ಸೈನಿಕನ ಕೊನೆಯ ಪುಟದಲ್ಲಿ ಶತ್ರುವಿನ ಬದಲು ಮನುಷ್ಯನನ್ನು ಕಂಡರು. ನಿಮ್ಮಲ್ಲಿ ಯಾರಾದರೂ ಈಗ ಹೊಸ ಭಾಷೆಯೊಂದನ್ನು ಕಲಿಯುತ್ತಿದ್ದರೆ, ದಿನದ ಅಭ್ಯಾಸವನ್ನು ಬೇಸರಿಸದೆ ಮುಂದುವರಿಸಿರೆಂದು ಈ ಹಳೆಯ ಮೇಷ್ಟ್ರ ಕೋರಿಕೆ.