ಲಕ್ಷದ್ವೀಪಕ್ಕೆ ಮೂರು ಹೆಸರಿದ್ದ ಕಾಲ



ನಿಮ್ಮಲ್ಲಿ ಅರವತ್ತೈದು ದಾಟಿದವರು ಶಾಲೆಯಲ್ಲಿ 'ಲಕ್ಕದೀವ್, ಮಿನಿಕಾಯ್ ಮತ್ತು ಅಮಿನ್‌ದಿವಿ ದ್ವೀಪಗಳು' ಎಂದು ಬಾಯಿಪಾಠ ಮಾಡಿರಬಹುದು. ಒಟ್ಟು 32 ಚದರ ಕಿಲೋಮೀಟರ್ ನೆಲಕ್ಕೆ ಅಷ್ಟುದ್ದದ ಹೆಸರು! 1973ರ ನವೆಂಬರ್ 1ರಂದು ಅದು 'ಲಕ್ಷದ್ವೀಪ' ಆಯಿತು. ಹಾಗಾದರೆ ಆ ಮೂರು ಭಾಗ ಮಾಡಿದ್ದು ಕಡಲೋ, ಕಚೇರಿಯೋ?

ಮಿನಿಕಾಯನ್ನು ಬೇರ್ಪಡಿಸಿದ್ದು ಕಡಲೇ. ಉಳಿದ ದ್ವೀಪಗಳಿಗೂ ಅದಕ್ಕೂ ನಡುವೆ ಸುಮಾರು 200 ಕಿ.ಮೀ. ಅಗಲದ 'ನೈನ್ ಡಿಗ್ರಿ ಚಾನಲ್' ಇದೆ. ಅಲ್ಲಿನವರ ಮಾತು ಮಹಲ್, ಅಂದರೆ ಮಾಲ್ಡೀವ್ಸ್‌ನ ದಿವೇಹಿಯದೇ ಒಂದು ರೂಪ. ಉಳಿದೆಡೆ ಮಲಯಾಳಂನ ಒಂದು ಬಗೆ. ಭೂಗೋಳದ ಲೆಕ್ಕದಲ್ಲಿ ಮಿನಿಕಾಯ್ ಮಾಲ್ಡೀವ್ಸ್‌ಗೆ ಹತ್ತಿರದ ನೆಂಟ, ರಾಜಕೀಯದ ಲೆಕ್ಕದಲ್ಲಿ ಭಾರತ. ಎರಡೂ ದೇಶಗಳು 1976ರಲ್ಲಿ ಒಪ್ಪಂದ ಮಾಡಿಕೊಂಡು ಸಮುದ್ರದ ಗಡಿ ಎಳೆದವು.

ಅಮಿನ್‌ದಿವಿಯ ಕಥೆಯೇ ಬೇರೆ, ಅದು ನಮಗೆ ಸಂಬಂಧಪಟ್ಟದ್ದೂ ಹೌದು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರ: ಇವುಗಳಿಗೂ ಪಕ್ಕದ ಕವರತ್ತಿ, ಅಗತ್ತಿಗೂ ಮಾತು ಒಂದೇ, ಹವಳದ ನೆಲವೂ ಒಂದೇ. ಬೇರೆಯಾದದ್ದು ದೊರೆಗಳಿಂದ. ಎಲ್ಲವೂ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಅವರ ಕಾಟ ತಾಳಲಾರದೆ ಅಮಿನಿಯ ಜನ ಮಂಗಳೂರಿಗೆ ಬಂದು ಟಿಪ್ಪುವಿನ ಮೊರೆಹೊಕ್ಕರು. 1787ರಲ್ಲಿ ಈ ಐದು ದ್ವೀಪಗಳು ಟಿಪ್ಪುವಿನ ಪಾಲಾದವು. 1799ರಲ್ಲಿ ಆತ ಮಡಿದ ಮೇಲೆ ಇಂಗ್ಲಿಷರು ಅವುಗಳನ್ನು ಮಂಗಳೂರಿನ ಆಡಳಿತಕ್ಕೆ ಸೇರಿಸಿದರು. ದಕ್ಷಿಣದ ದ್ವೀಪಗಳು ಮತ್ತು ಮಿನಿಕಾಯ್ ಮುಂದೆ ಮಲಬಾರ್ ಜಿಲ್ಲೆಗೆ ಸೇರಿದವು. ತಮಾಷೆ ನೋಡಿ: ಕಡಲು ಅಗಲಿಸಿದ ಮಿನಿಕಾಯ್ ಲಕ್ಕದೀವ್ ಜೊತೆಗೆ, ಅಂಟಿಕೊಂಡಂತಿದ್ದ ಅಮಿನಿ ಮಾತ್ರ ಬೇರೆ ಜಿಲ್ಲೆಗೆ!

ಹಾಗಾಗಿ ಹಳೆಯ ಗ್ಯಾಸೆಟಿಯರ್ ಓದುವಾಗ ಎಚ್ಚರವಿರಲಿ. 'ಲಕ್ಕದೀವ್' ಎಂದರೆ ಒಮ್ಮೆ ಇಡೀ ದ್ವೀಪಸಮೂಹ, ಇನ್ನೊಮ್ಮೆ ದಕ್ಷಿಣದ ಪಾಲು ಮಾತ್ರ. ಇಂಥದು ಇಲ್ಲಿಗೇ ಸೀಮಿತವಲ್ಲ. ಕಡಲಡಿಯ ಇದೇ ದಿಣ್ಣೆಯ ತುದಿಯಲ್ಲಿರುವ ಚಾಗೋಸ್ ದ್ವೀಪಗಳನ್ನು ಬ್ರಿಟನ್ 1965ರಲ್ಲಿ ಮಾರಿಷಸ್‌ನಿಂದ ಕಿತ್ತು 'ಬ್ರಿಟಿಷ್ ಹಿಂದೂ ಮಹಾಸಾಗರ ಪ್ರಾಂತ್ಯ' ಎಂದು ಕರೆಯಿತು. ಚಾಗೋಸ್ ಎಂಬುದು ದ್ವೀಪಗಳ ಹೆಸರು, ಇನ್ನೊಂದು ಬರೀ ಸರ್ಕಾರದ ಮೊಹರು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋದದ್ದನ್ನು ನಾವು ಇಂದಿಗೂ ಹೇಳಿಕೊಳ್ಳುತ್ತೇವೆ. ಅದೇ ದಿನ ದಕ್ಷಿಣ ಕನ್ನಡದಿಂದ ಅಮಿನ್‌ದಿವಿಯೂ ಹೋಯಿತು, ಅದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಆ ದ್ವೀಪದವರು ತೆಂಗಿನ ನಾರಿನ ಹುರಿ ತಂದು ಅಕ್ಕಿ ಒಯ್ಯುತ್ತಿದ್ದುದು ಮಂಗಳೂರಿನಿಂದಲೇ. ಗಡಿ ಬದಲಾದರೂ ಬಂದರಿನ ನಂಟು ಹರಿಯಲಿಲ್ಲ, ಆಮೇಲೂ ಮಂಗಳೂರಿನ ಹಳೇ ಬಂದರಿನಿಂದ ಮಂಜಿಗಳು ದ್ವೀಪಕ್ಕೆ ಸರಕು ಹೊತ್ತು ಹೋದವು.