ಕರಗಿದ ಚಿನ್ನ, ಉಳಿದ ಕಾಗದ

ಲೋಹ ಗಟ್ಟಿ, ಕಾಗದ ಬಡಪಾಯಿ ಎಂದೇ ನಾವೆಲ್ಲ ತಿಳಿದುಕೊಂಡಿದ್ದೇವೆ. ಕಾಗದವನ್ನು ಗೆದ್ದಲು ತಿನ್ನುತ್ತದೆ, ಮಳೆ ನೆನೆಸುತ್ತದೆ, ಅದು ಬೂದಿಯಾಗಲು ಒಂದು ಕಿಡಿ ಸಾಕು. ಲೋಹಕ್ಕೆ ಈ ಯಾವ ಭಯವೂ ಇಲ್ಲ. ಆದರೆ ಇತಿಹಾಸದ ಪುಟಗಳನ್ನು ತಿರುವಿ ಹಾಕಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಮೊಘಲ್ ಬಾದಶಹರ ಅರಮನೆಯಲ್ಲಿದ್ದ ಚಿನ್ನದ ಹೂಜಿ, ಬಟ್ಟಲು, ಹರಿವಾಣಗಳಲ್ಲಿ ಇಂದು ಉಳಿದಿರುವವು ತೀರಾ ಕಡಿಮೆ. ಅವೇ ವಸ್ತುಗಳನ್ನು ಬರೆದಿಟ್ಟ ಕಾಗದದ ಚಿತ್ರಗಳು ಮಾತ್ರ ಲಂಡನ್ನಿನಿಂದ ಹೈದರಾಬಾದಿನವರೆಗೆ ಹತ್ತಾರು ಸಂಗ್ರಹಾಲಯಗಳಲ್ಲಿ ಸುರಕ್ಷಿತವಾಗಿವೆ.

ಕಾರಣ ಸರಳ. ಚಿನ್ನ ಬೆಳ್ಳಿಗಳನ್ನು ಕರಗಿಸಿದರೆ ನಾಣ್ಯವಾಗುತ್ತದೆ. ಕಾಗದವನ್ನು ಸುಟ್ಟು ಯಾರೂ ಸಾಹುಕಾರರಾಗುವುದಿಲ್ಲ. ಯುದ್ಧದ ಖರ್ಚು ಬಂದರೂ, ಸಿಪಾಯಿಗಳ ಸಂಬಳ ಬಾಕಿ ಬಿದ್ದರೂ, ಸೋತವರ ಖಜಾನೆ ಲೂಟಿಯಾದರೂ ಮೊದಲು ಕುಲುಮೆಗೆ ಬೀಳುತ್ತಿದ್ದದ್ದು ಬೆಲೆಬಾಳುವ ಲೋಹದ ಪಾತ್ರೆಗಳೇ. ಹೀಗಾಗಿ ನಮ್ಮ ಲೋಹದ ಕಸುಬಿನ ಚರಿತ್ರೆಯನ್ನು ಹುಡುಕುವವರು ಕೊನೆಗೆ ಜಲವರ್ಣದ ಚಿತ್ರಗಳ ಮುಂದೆ ಬಂದು ನಿಲ್ಲಬೇಕಾಗುತ್ತದೆ. ಆ ಚಿತ್ರಗಳು ಏನು ಹೇಳುತ್ತವೆ, ಅವುಗಳ ಸಾಕ್ಷಿಯನ್ನು ಎಷ್ಟು ನಂಬಬಹುದು ಎಂಬುದನ್ನು ನಾವಿಲ್ಲಿ ಸ್ವಲ್ಪ ವಿಚಾರ ಮಾಡೋಣ.

ಬಣ್ಣದೊಳಗಿನ ಚಿನ್ನ

ಜಲವರ್ಣ ಎಂದೊಡನೆ ಶಾಲೆಯ ಮಕ್ಕಳ ಬಣ್ಣದ ಡಬ್ಬಿ ನಮ್ಮ ಕಣ್ಣ ಮುಂದೆ ಬರುತ್ತದೆ. ಮೊಘಲ್ ಮತ್ತು ದಖನಿ ಚಿತ್ರಗಳೂ ಜಲವರ್ಣದವೇ. ಅಂಟು ಬೆರೆಸಿದ ನೀರಿನಲ್ಲಿ ಕಲ್ಲು, ಮಣ್ಣು, ಗಿಡಮೂಲಿಕೆಗಳ ಬಣ್ಣಗಳನ್ನು ಕಲಸಿ, ಕೆಳಗಿನ ಕಾಗದ ಕಾಣದಷ್ಟು ದಟ್ಟವಾಗಿ ಹಚ್ಚುತ್ತಿದ್ದರು. ಲೋಹವನ್ನು ತೋರಿಸುವಲ್ಲಿ ಅವರು ಹಿಡಿದ ದಾರಿ ನೇರವಾದದ್ದು. ಚಿನ್ನದ ಪಾತ್ರೆಯನ್ನು ಬರೆಯಲು ಅವರು ಚಿನ್ನವನ್ನೇ ಬಳಸುತ್ತಿದ್ದರು.

ಚಿನ್ನದ ರೇಕನ್ನು ಅಂಟಿನೊಂದಿಗೆ ನುಣ್ಣಗೆ ಅರೆದು, ನೀರಿನಲ್ಲಿ ತೊಳೆದು, ತಳದಲ್ಲಿ ಕೂತ ಪುಡಿಯನ್ನು ಮತ್ತೆ ತೆಳು ಅಂಟಿನಲ್ಲಿ ಕಲಸಿದರೆ ಅದು ಕುಂಚಕ್ಕೆ ಬರುವ ಬಣ್ಣವಾಗುತ್ತದೆ. ಹಚ್ಚಿದ ಕೂಡಲೇ ಅದು ಹೊಳೆಯುವುದಿಲ್ಲ, ಮಂಕಾದ ಹಳದಿ ಮಣ್ಣಿನಂತೆ ಕಾಣುತ್ತದೆ. ಒಣಗಿದ ಮೇಲೆ ನುಣುಪಾದ ಅಕೀಕ್ ಕಲ್ಲಿನಿಂದ ಮೆಲ್ಲಗೆ ಉಜ್ಜಿದಾಗಲೇ ಅದಕ್ಕೆ ಮಿಂಚು ಬರುವುದು. ಕೆಲವು ಕಡೆ ಚಿತ್ರಕಾರರು ಸೂಜಿಮೊನೆಯಿಂದ ಆ ಚಿನ್ನದ ಮೇಲೆ ಒತ್ತೊತ್ತಾಗಿ ಚುಚ್ಚಿ ಸಣ್ಣ ಗುಳಿಗಳನ್ನು ಮಾಡುತ್ತಿದ್ದರು. ಪುಟವನ್ನು ಕೈಯಲ್ಲಿ ಹಿಡಿದು ಓರೆ ಮಾಡಿದಾಗ ಒಂದೊಂದು ಗುಳಿಯೂ ಬೆಳಕನ್ನು ಬೇರೆ ಬೇರೆಯಾಗಿ ಹಿಡಿಯುತ್ತದೆ, ಕೆತ್ತನೆಯ ಒಡವೆ ಮಿನುಗಿದಂತೆ ತೋರುತ್ತದೆ. ಈ ಚಿತ್ರಗಳು ಗೋಡೆಗೆ ತೂಗುಹಾಕಲು ಬರೆದವಲ್ಲ, ಗ್ರಂಥಗಳಲ್ಲಿ, ಮುರಕ್ಕಾಗಳಲ್ಲಿ ಕೈಯಲ್ಲಿ ಹಿಡಿದು ನೋಡಲು ಬರೆದವು ಎಂಬುದನ್ನು ನೆನಪಿಟ್ಟರೆ ಈ ಉಪಾಯದ ಸೊಗಸು ಅರ್ಥವಾಗುತ್ತದೆ.

ಇಂಥ ಚಿತ್ರಗಳಲ್ಲಿ ಒಂದನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಜಹಾಂಗೀರ್ ತನ್ನ ಮಗ ಖುರ್ರಮನನ್ನು, ಅಂದರೆ ಮುಂದೆ ಷಾಜಹಾನನಾದವನನ್ನು, 1607ರಲ್ಲಿ ತಕ್ಕಡಿಯಲ್ಲಿ ತೂಗಿಸಿದ ಸಂದರ್ಭದ ಚಿತ್ರ ಅದು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ರಾಜಕುಮಾರನ ತೂಕಕ್ಕೆ ಸಮನಾಗಿ ಚಿನ್ನ ಬೆಳ್ಳಿ ಮುಂತಾದವನ್ನು ತೂಗಿ ದಾನ ಮಾಡುವ ಪದ್ಧತಿ ಮೊಘಲರಲ್ಲಿತ್ತು. ಚಿತ್ರದಲ್ಲಿ ದೊಡ್ಡ ತಕ್ಕಡಿಯಿದೆ, ಮುಂಭಾಗದ ಹರಿವಾಣಗಳಲ್ಲಿ ಕಠಾರಿಗಳೂ ಒಡವೆಗಳೂ ಇವೆ. ದಾನವಾಗಿ ಹೋದ ಲೋಹ ಹೋಯಿತು. ಆ ಕಠಾರಿಯ ಹಿಡಿ ಎಷ್ಟು ಬಾಗಿತ್ತು, ಹರಿವಾಣದ ಅಂಚು ಹೇಗಿತ್ತು ಎಂಬುದು ಮಾತ್ರ ತೂಕವೇ ಇಲ್ಲದ ಆ ಕಾಗದದಲ್ಲಿ ಉಳಿದುಕೊಂಡಿದೆ.

ಎರಡು ಸಿಂಹಾಸನಗಳು

ಇದೇ ಷಾಜಹಾನ್ ಪಟ್ಟಕ್ಕೆ ಬಂದ ಮೇಲೆ ಏಳು ವರ್ಷ ಕೆಲಸ ಮಾಡಿಸಿ ರತ್ನಖಚಿತ ಸಿಂಹಾಸನವೊಂದನ್ನು ಸಿದ್ಧಪಡಿಸಿದ. 1635ರ ನವ್ರೋಜ್ ಹಬ್ಬದಂದು ಅದನ್ನೇರಿದ. ಅದೇ ಮುಂದೆ ಮಯೂರ ಸಿಂಹಾಸನವೆಂದು, ತಖ್ತೆ ತಾವೂಸ್ ಎಂದು ಪ್ರಸಿದ್ಧವಾಯಿತು. 1739ರಲ್ಲಿ ನಾದಿರ್ ಷಾ ದಿಲ್ಲಿಯನ್ನು ಕೊಳ್ಳೆ ಹೊಡೆದು ಅದನ್ನು ಹೊತ್ತೊಯ್ದ. 1747ರಲ್ಲಿ ಅವನು ಕೊಲೆಯಾದ ಮೇಲಿನ ಗೊಂದಲದಲ್ಲಿ ಸಿಂಹಾಸನ ತುಂಡು ತುಂಡಾಗಿ ಹೋಯಿತೆಂಬುದು ಸಾಮಾನ್ಯ ಅಭಿಪ್ರಾಯ. ಅದರ ಬಗ್ಗೆ ಆಸ್ಥಾನದ ಇತಿಹಾಸಕಾರ ಅಬ್ದುಲ್ ಹಮೀದ್ ಲಾಹೋರಿ ಬರೆದಿದ್ದಾನೆ, ಔರಂಗಜೇಬನ ಕಾಲದಲ್ಲಿ ಬಂದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ ಕೂಡ ಬರೆದಿದ್ದಾನೆ. ಇಬ್ಬರ ಬರಹಗಳೂ ಒಂದಕ್ಕೊಂದು ಹೊಂದುವುದಿಲ್ಲ, ನವಿಲುಗಳ ಲೆಕ್ಕದಲ್ಲೇ ವ್ಯತ್ಯಾಸವಿದೆ. ಇಂಥ ಕಡೆ ಷಾಜಹಾನನ ಕಾಲದ ಚಿತ್ರಗಳು ಮೂರನೆಯ ಸಾಕ್ಷಿಯಾಗಿ ಬಂದು ನಿಲ್ಲುತ್ತವೆ.

ಎರಡನೆಯ ಸಿಂಹಾಸನ ನಮ್ಮ ನಾಡಿನದೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು, ಟಿಪ್ಪು ಸುಲ್ತಾನ್ ಕಾದಾಡುತ್ತಲೇ ಮಡಿದ. ಅರಮನೆಯಲ್ಲಿ ಅವನ ಸಿಂಹಾಸನ ಸಿಕ್ಕಿತು. ಮರದ ಚೌಕಟ್ಟಿಗೆ ಚಿನ್ನದ ತಗಡು ಹೊದಿಸಿ ಮಾಡಿದ ಎಂಟು ಮೂಲೆಯ ಪೀಠ, ಅದನ್ನು ಹೊತ್ತ ಹುಲಿ, ಕಟಕಟೆಯ ಮೇಲೆ ರತ್ನ ಕೂರಿಸಿದ ಪುಟ್ಟ ಹುಲಿತಲೆಗಳು, ಮೇಲೆ ಛತ್ರಿ, ಛತ್ರಿಯ ತುದಿಯಲ್ಲಿ ಹುಮಾ ಪಕ್ಷಿ. ಇಡಿಯಾಗಿ ಅದನ್ನು ಕೊಳ್ಳುವ ಶಕ್ತಿ ಯಾರಿಗಿತ್ತು? ಗೆದ್ದ ಸೇನೆಯೊಳಗೆ ಕೊಳ್ಳೆಯನ್ನು ಪಾಲು ಮಾಡಲು ನೇಮಕವಾಗಿದ್ದ ಅಧಿಕಾರಿಗಳು ಅದನ್ನು ಕತ್ತರಿಸಿ ಹಂಚಿಬಿಟ್ಟರು. ಸಿಂಹಾಸನವನ್ನು ಹಾಗೆಯೇ ತಮ್ಮ ದೊರೆಗೆ ಕಳಿಸಬೇಕೆಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಅವಸರವನ್ನು ಕಂಡು ಬೇಸರಪಟ್ಟ. ದೊಡ್ಡ ಹುಲಿಯ ತಲೆ ಮತ್ತು ಹುಮಾ ಪಕ್ಷಿ ಇಂದು ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿವೆ. ಪುಟ್ಟ ಹುಲಿತಲೆಗಳಲ್ಲಿ ಕೆಲವು ಅಲ್ಲಲ್ಲಿ ಉಳಿದು, ಈ ಶತಮಾನದಲ್ಲಿ ಹರಾಜಿನ ಕಟ್ಟೆಗೂ ಬಂದಿವೆ. ಉಳಿದ ಚಿನ್ನ ಯಾರ ಯಾರ ಜೇಬು ಸೇರಿ ಏನೇನಾಯಿತೋ!

ಬಿಡಿಬಿಡಿಯಾದ ಈ ಅಂಗಗಳನ್ನು ಜೋಡಿಸಿ ನೋಡಲು ಇಂದು ನಮಗೆ ನೆರವಾಗುವುದರಲ್ಲಿ ಒಂದು ಜಲವರ್ಣದ ಚಿತ್ರ ಮುಖ್ಯವಾದುದು. ಅದನ್ನು ಬರೆದವಳು ಇಟಲಿಯ ಅನ್ನಾ ತೊನೆಲ್ಲಿ. ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವನ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಗವರ್ನರನ ಹೆಂಡತಿ ಹೆನ್ರಿಯೆಟ್ಟಾ 1800ರಲ್ಲಿ ಮಕ್ಕಳನ್ನು ಕರೆದುಕೊಂಡು ಮೈಸೂರು ಸೀಮೆಗೆ ಪ್ರವಾಸ ಬಂದಾಗ ಇವಳೂ ಜೊತೆಗಿದ್ದಳು. ಟಿಪ್ಪು ಸಿಂಹಾಸನದ ಮೇಲೆ ಕುಳಿತಂತೆ ಅವಳು ಬರೆದ ಚಿತ್ರ ವೇಲ್ಸ್‌ನ ಪೊವಿಸ್ ಕೋಟೆಯಲ್ಲಿದೆ.

ಇಲ್ಲಿ ನಾವು ಎಚ್ಚರದಿಂದಿರಬೇಕು. ತೊನೆಲ್ಲಿ ಬರುವ ಹೊತ್ತಿಗೆ ಟಿಪ್ಪು ತೀರಿಕೊಂಡು ವರ್ಷವಾಗುತ್ತ ಬಂದಿತ್ತು, ಸಿಂಹಾಸನವೂ ಚೂರಾಗಿತ್ತು. ಅವಳು ಎರಡನ್ನೂ ಇದ್ದಂತೆ ಕಂಡವಳಲ್ಲ. ಥಾಮಸ್ ಮ್ಯಾರಿಯಟ್ ಎಂಬ ಸೇನಾಧಿಕಾರಿ ಬರೆದಿದ್ದ ಚಿತ್ರವನ್ನು ಅವಳು ಆಧರಿಸಿದಳೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಷ್ಟೇ ಅಲ್ಲ, ಇಂಗ್ಲಿಷರನ್ನು ಸೋಲಿಸುವ ತನಕ ಈ ಪೀಠವನ್ನು ಏರುವುದಿಲ್ಲವೆಂದು ಟಿಪ್ಪು ಪಣ ತೊಟ್ಟಿದ್ದನೆಂದು ಆ ಕಾಲದವರೇ ಹೇಳಿದ್ದಾರೆ. ಆ ಮಾತು ನಿಜವಾದರೆ, ಎಂದೂ ನಡೆಯದ ಘಟನೆಯೊಂದನ್ನು ಚಿತ್ರ ನಮಗೆ ತೋರಿಸುತ್ತಿದೆ. ಗೆದ್ದವರ ಮನೆಯಲ್ಲಿ ಕುಳಿತು, ಸೋತವನನ್ನು ಅವನು ಏರದ ಪೀಠದ ಮೇಲೆ ಕೂರಿಸಿದ ಚಿತ್ರವದು. ಸಿಂಹಾಸನದ ರಚನೆಯನ್ನು ತಿಳಿಯಲು ಅದು ಬೇಕು, ಟಿಪ್ಪುವಿನ ಬದುಕನ್ನು ತಿಳಿಯಲು ಅದನ್ನು ಹಾಗೆಯೇ ನಂಬಲಾಗದು. ಚಿತ್ರವೂ ಒಂದು ದಾಖಲೆ, ದಾಖಲೆಗೆ ಒಡ್ಡುವ ಪ್ರಶ್ನೆಗಳನ್ನೇ ಅದಕ್ಕೂ ಒಡ್ಡಬೇಕು.

ಯುರೋಪಿನ ಜಲವರ್ಣದ ರೀತಿಯೂ ಬೇರೆ. ಅವರು ನೀರಾದ ಬಣ್ಣವನ್ನು ಕಾಗದ ಕಾಣುವಂತೆ ತೆಳುವಾಗಿ ಹರಿಸುತ್ತಾರೆ. ಲೋಹದ ಹೊಳಪು ಬೇಕಾದ ಕಡೆ ಕಾಗದದ ಬಿಳುಪನ್ನು ಹಾಗೆಯೇ ಬಿಟ್ಟು, ಅದರ ಪಕ್ಕಕ್ಕೇ ಗಾಢವಾದ ನೆರಳನ್ನು ಇಡುತ್ತಾರೆ. ಹೊಳೆಯುವ ಪಾತ್ರೆಗೆ ಸ್ವಂತ ಬಣ್ಣ ಕಡಿಮೆ, ಸುತ್ತಲಿನ ಬಟ್ಟೆ, ಗೋಡೆ, ಕಿಟಕಿಗಳ ಬಣ್ಣವನ್ನೇ ಅದು ತೋರಿಸುತ್ತದೆ ಎಂಬುದನ್ನು ನೋಡಿ ಬರೆಯುತ್ತಾರೆ. ನಮ್ಮ ಮುಸವ್ವಿರರು ಲೋಹವನ್ನೇ ಕಾಗದಕ್ಕೆ ತಂದರೆ, ಅವರು ಲೋಹದ ಮೇಲೆ ಬಿದ್ದ ಬೆಳಕನ್ನು ತಂದರು.

ಕಪ್ಪಾದ ಬೆಳ್ಳಿ, ಕಪ್ಪಾಗದ ಬೆಳ್ಳಿ

ಲೋಹವನ್ನೇ ಬಳಸುವುದರಲ್ಲಿ ಒಂದು ತೊಡಕೂ ಇತ್ತು. ಚಿನ್ನ ಬಣ್ಣ ಬದಲಿಸುವುದಿಲ್ಲ, ಬೆಳ್ಳಿ ಹಾಗಲ್ಲ. ಹರಿಯುವ ನೀರು, ಕತ್ತಿಯ ಅಲಗು ಮುಂತಾದವಕ್ಕೆ ಚಿತ್ರಕಾರರು ಹಚ್ಚಿದ ಬೆಳ್ಳಿ ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಸಿಕ್ಕಿ ಕಾಲಕ್ರಮೇಣ ಕಪ್ಪಾಯಿತು. ಹಳೆಯ ಚಿತ್ರಗಳಲ್ಲಿ ಕೆರೆ, ನದಿಗಳು ಮಸಿ ಚೆಲ್ಲಿದಂತೆ ಕಾಣುವುದುಂಟು. ಅದು ಕಲಾವಿದನ ಉದ್ದೇಶವಲ್ಲ, ಬರೆದ ದಿನ ಆ ನೀರು ಥಳಥಳಿಸುತ್ತಿತ್ತು.

ನಮ್ಮ ಬೀದರಿನ ಕುಶಲಕರ್ಮಿಗಳ ವಿದ್ಯೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬಿದ್ರಿ ವಸ್ತುವಿನ ಮೈಯಲ್ಲಿ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಅದರ ಮೇಲೆ ಚೂಪಾದ ಮೊನೆಯಿಂದ ಹೂಬಳ್ಳಿ ಗೀರಿ, ಉಳಿಯಿಂದ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದು ಹೆಸರು. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕಾಯಿಸಿ ವಸ್ತುವನ್ನು ಅದರಲ್ಲಿ ಅದ್ದುತ್ತಾರೆ. ಸರಿಯಾದ ಮಣ್ಣನ್ನು ಅನುಭವಿಗಳು ನಾಲಗೆಗೆ ಹಚ್ಚಿ ರುಚಿಯಿಂದಲೇ ಗುರುತಿಸುತ್ತಾರೆ. ಆ ದ್ರಾವಣಕ್ಕೆ ಸತುವಿನ ಮೈ ಕಡುಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಚಿತ್ರಕಾರನನ್ನು ಸೋಲಿಸಿದ ಕಪ್ಪನ್ನು ಬೀದರಿನವರು ದುಡಿಸಿಕೊಂಡರು.

ಈ ಬಿದ್ರಿಯ ಚರಿತ್ರೆಗೂ ಜಲವರ್ಣದ ಚಿತ್ರಗಳೇ ಆಸರೆ. ಸುಮಾರು 1604ರಲ್ಲಿ ಅಸದ್ ಬೇಗ್ ಎಂಬ ಮೊಘಲ್ ರಾಯಭಾರಿ ಬಿಜಾಪುರದಿಂದ ಅಕ್ಬರನ ಆಸ್ಥಾನಕ್ಕೆ ತಂಬಾಕನ್ನೂ ಅಲಂಕರಿಸಿದ ಹುಕ್ಕಾವನ್ನೂ ಒಯ್ದ. 1617ರಲ್ಲಿ ಜಹಾಂಗೀರ್ ತಂಬಾಕನ್ನು ನಿಷೇಧಿಸಿದರೂ ಚಟ ನಿಲ್ಲಲಿಲ್ಲ. ಹುಕ್ಕಾದ ನೀರಿನ ಬುರುಡೆ ಬಿದ್ರಿ ಕೆಲಸಗಾರರಿಗೆ ದೊಡ್ಡ ಬೇಡಿಕೆಯ ವಸ್ತುವಾಯಿತು. ಮೊದಮೊದಲು ಅದು ಚೆಂಡಿನಂತೆ ಗುಂಡಗಿತ್ತು, ಉರುಳದಂತೆ ಬಳೆಯಾಕಾರದ ಪೀಠದ ಮೇಲೆ ಇಡಬೇಕಿತ್ತು. ಹದಿನೆಂಟನೆಯ ಶತಮಾನದಲ್ಲಿ ತಳ ಚಪ್ಪಟೆಯಾದ, ಗಂಟೆಯಾಕಾರದ ಬುರುಡೆ ಬಳಕೆಗೆ ಬಂತು. ಬಹುತೇಕ ಬಿದ್ರಿ ವಸ್ತುಗಳ ಮೇಲೆ ತಾರೀಖು ಇರುವುದಿಲ್ಲ. ನವಾಬರ, ಅಮೀರರ ಚಿತ್ರಗಳಲ್ಲಿ ಅವರ ಪಕ್ಕಕ್ಕಿರುವ ಹುಕ್ಕಾದ ಆಕಾರವನ್ನು ನೋಡಿಯೇ ಪಂಡಿತರು ಅವುಗಳ ಕಾಲವನ್ನು ಅಂದಾಜು ಮಾಡುತ್ತಾರೆ. ಚಿತ್ರದಲ್ಲಿ ನವಾಬನೇ ಮುಖ್ಯ, ಹುಕ್ಕಾ ಬರೀ ಪರಿಕರ. ಚರಿತ್ರೆಗೆ ಆ ಪರಿಕರವೇ ಹೆಚ್ಚು ಉಪಯೋಗಕ್ಕೆ ಬಂತು.

ಸತುವಿನ ಬೆಲೆ ಕಡಿಮೆಯಾದ್ದರಿಂದ ಬಿದ್ರಿಯನ್ನು ಕರಗಿಸುವ ಆಸೆ ಯಾರಿಗೂ ಅಷ್ಟಾಗಿ ಹುಟ್ಟಲಿಲ್ಲ. ಚಿನ್ನದ ಪಾತ್ರೆಗಳಿಗೆ ಸಿಗದ ಆಯುಸ್ಸು ಅದಕ್ಕೆ ಸಿಕ್ಕಿತು.

ಹೆಸರಿದ್ದವರು, ಹೆಸರಿಲ್ಲದವರು

ಅಕ್ಬರನ ಚಿತ್ರಶಾಲೆಯ ಗುಮಾಸ್ತರು ಪುಟದ ಅಂಚಿನಲ್ಲಿ ಯಾವ ಚಿತ್ರದ ರೇಖೆ ಯಾರದು, ಬಣ್ಣ ಯಾರದು ಎಂದು ಬರೆದಿಟ್ಟರು. ಹೀಗಾಗಿ ಬಸಾವನ್, ಮಿಸ್ಕೀನ್ ಎಂಬ ಹೆಸರುಗಳು ನಮಗೆ ಗೊತ್ತು. ಆ ಚಿತ್ರಗಳೊಳಗಿನ ಹೂಜಿಯನ್ನು ಬಡಿದವನು ಯಾರು, ಹುಕ್ಕಾದಲ್ಲಿ ಬೆಳ್ಳಿ ಕೂರಿಸಿದವನು ಯಾರು? ಗೊತ್ತಿಲ್ಲ. ಮಯೂರ ಸಿಂಹಾಸನದ ಮೇಲ್ವಿಚಾರಕ ಬೇಬದಲ್ ಖಾನನ ಹೆಸರು ಉಳಿಯಿತು, ಅವನ ಕೈಕೆಳಗೆ ಏಳು ವರ್ಷ ದುಡಿದ ಅಕ್ಕಸಾಲಿಗರ ಹೆಸರುಗಳು ಜನರಿಗೆ ತಿಳಿದಿಲ್ಲ. ಟಿಪ್ಪುವಿನ ಹುಲಿಯ ತಲೆಗೆ ಸ್ಫಟಿಕದ ಹಲ್ಲು, ಕಣ್ಣು ಜೋಡಿಸಿದ ಶ್ರೀರಂಗಪಟ್ಟಣದ ಕೆಲಸಗಾರನೂ ಅನಾಮಧೇಯನೇ.

ಇಂದು ಸ್ಥಿತಿ ಕೊಂಚ ಸುಧಾರಿಸಿದೆ. ಬಿದ್ರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಒಬ್ಬ ಬಿದ್ರಿ ಕಲಾವಿದನ ಹೆಸರು ನಾಡಿಗೆಲ್ಲ ತಿಳಿಯಿತು. ಆದರೆ ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಅಜ್ಜಿಯ ಕಾಲದ ಪಾನದಾನ, ಕಲಾಯಿ ಹಾಕಿದ ತಾಮ್ರದ ದೇಗ, ಕೊಕ್ಕಿನಂಥ ಬಾಯಿಯ ಲೋಟ, ಉಗಾಲದಾನಗಳು ಮನೆ ಬದಲಿಸುವಾಗ, ಮದುವೆಯ ಖರ್ಚು ಬಿದ್ದಾಗ ಗುಜರಿಯವನ ತಕ್ಕಡಿ ಏರುತ್ತಿವೆ. ಅವನು ತೂಕಕ್ಕೆ ದುಡ್ಡು ಕೊಡುತ್ತಾನೆ, ಕೆಲಸಗಾರಿಕೆಗೆ ಕೊಡುವುದಿಲ್ಲ. 1799ರಲ್ಲಿ ಸಿಂಹಾಸನವನ್ನು ಕತ್ತರಿಸಿದವರು ಮಾಡಿದ್ದೂ ಇದೇ ಲೆಕ್ಕಾಚಾರವನ್ನು.

ಎಲ್ಲವನ್ನೂ ಉಳಿಸಿಕೊಳ್ಳುವುದು ಬಡವರ ಮನೆಯಲ್ಲಿ ಆಗದ ಮಾತು, ಅದನ್ನು ನಾವು ಬಲ್ಲೆವು. ಆದರೆ ಮಾರುವ ಮುಂಚೆ ಮನೆಯ ಮಕ್ಕಳ ಕೈಗೆ ಅದೇ ಶಾಲೆಯ ಬಣ್ಣದ ಡಬ್ಬಿಯನ್ನು ಕೊಟ್ಟು, ಎದುರಿಗೆ ಆ ಪಾನದಾನವನ್ನಿಟ್ಟು ಬರೆಯಲು ಹೇಳಬಹುದಲ್ಲ! ಮೊಬೈಲಿನಲ್ಲಿ ಫೋಟೋ ತೆಗೆಯುವುದು ಕ್ಷಣದ ಕೆಲಸ, ಅದನ್ನೂ ಮಾಡೋಣ. ಬರೆಯಲು ಕೂತ ಮಗು ಮಾತ್ರ ಮುಚ್ಚಳದ ಹೂವಿಗೆ ಎಷ್ಟು ದಳ, ಹಿಡಿ ಎಲ್ಲಿ ಬಾಗಿದೆ ಎಂದು ಎಣಿಸಿ ನೋಡಲೇಬೇಕಾಗುತ್ತದೆ. ಕಾಗದದ ಕೆಳಗೆ ಆ ವಸ್ತು ಯಾವ ಊರಿನದು, ಯಾರು ಮಾಡಿದ್ದು, ಯಾವ ವರ್ಷ ಮನೆಗೆ ಬಂತು ಎಂದು ಹಿರಿಯರನ್ನು ಕೇಳಿ ಎರಡು ಸಾಲು ಬರೆಸಿದರೆ, ಅಕ್ಬರನ ಗುಮಾಸ್ತರು ಬರೆಯದೆ ಬಿಟ್ಟ ಹೆಸರುಗಳಲ್ಲಿ ಒಂದಾದರೂ ನಮ್ಮ ಮನೆಯಲ್ಲಿ ದಾಖಲಾಗುತ್ತದೆ.