ಈಶ್ವರಿ ಬೇರಿನ ಚರಿತ್ರೆ

ಹೊಟ್ಟೆಯುಬ್ಬರಕ್ಕೆ ಓಮದ ನೀರು, ನೆಗಡಿಗೆ ಶುಂಠಿ ಮೆಣಸಿನ ಕಷಾಯ, ಕೆಮ್ಮಿಗೆ ದೊಡ್ಡಪತ್ರೆಯ ರಸ, ಇಷ್ಟನ್ನಾದರೂ ಅರಿಯದ ಗೃಹಿಣಿ ಕನ್ನಡನಾಡಿನಲ್ಲಿ ದುರ್ಲಭಳು. ಈ ಮನೆಮದ್ದುಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ನಮ್ಮ ಮನೆಯಲ್ಲಿಯೂ ಅವು ನಡೆಯುತ್ತವೆ. ಆದರೆ ಗಿಡಮೂಲಿಕೆಗಳನ್ನು ಸಮರ್ಥಿಸುವವರು ಸಾಮಾನ್ಯವಾಗಿ ಒಂದು ವಾದವನ್ನು ಹೂಡುತ್ತಾರೆ: “ಹಿರಿಯರು ತಲತಲಾಂತರದಿಂದ ಸೇವಿಸುತ್ತ ಬಂದ ಬೇರು, ಕೆಡುಕಿದ್ದಿದ್ದರೆ ಅವರಿಗೆ ಗೊತ್ತಾಗುತ್ತಿರಲಿಲ್ಲವೆ?” ನಾವು ವೈದ್ಯರಲ್ಲ, ಚರಿತ್ರೆಯನ್ನು ಬೋಧಿಸುವವರು. ಆದರೂ ಇದು ಚರಿತ್ರೆಗೇ ಹಾಕಿದ ಪ್ರಶ್ನೆಯಾದುದರಿಂದ ಉತ್ತರ ಹೇಳಲು ನಮಗೂ ಸ್ವಲ್ಪ ಅಧಿಕಾರವುಂಟು. ಹಿರಿಯರಿಗೆ ಯಾವುದು ಗೊತ್ತಾಗುತ್ತಿದ್ದಿತು, ಯಾವುದು ಗೊತ್ತಾಗುವುದು ಸಾಧ್ಯವೇ ಇರಲಿಲ್ಲ ಎಂಬುದನ್ನು ಒಂದು ಬೇರಿನ ವೃತ್ತಾಂತದಿಂದ ಪರಿಶೀಲಿಸಬಹುದು.

ಹಿರಿಯರಿಗೆ ವಿಷದ ಅರಿವಿರಲಿಲ್ಲವೆಂದರೆ ಅದು ಅನ್ಯಾಯವಾದ ಮಾತು. 14ನೆಯ ಶತಮಾನದಲ್ಲಿ ಮಂಗರಾಜನೆಂಬ ಜೈನಕವಿಯು ವಿಷವೈದ್ಯವನ್ನೇ ವಿಷಯವಾಗಿಟ್ಟುಕೊಂಡು ‘ಖಗೇಂದ್ರಮಣಿದರ್ಪಣ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಹಾವು ಚೇಳುಗಳ ಜಂಗಮವಿಷದಂತೆಯೇ ಗಿಡಬೇರುಗಳ ಸ್ಥಾವರವಿಷವೂ ಅದರಲ್ಲಿ ವಿಚಾರಿಸಲ್ಪಟ್ಟಿದೆ. ವತ್ಸನಾಭಿಯನ್ನು ಹಸಿಯಾಗಿ ಕೊಡಬಾರದು, ಗೋಮೂತ್ರದಲ್ಲಿ ನೆನೆಯಿಟ್ಟು ಅಥವಾ ಹಾಲಿನಲ್ಲಿ ಬೇಯಿಸಿ ಶುದ್ಧಿಮಾಡಿದ ಮೇಲೆಯೇ ಔಷಧಕ್ಕೆ ಬಳಸಬೇಕು ಎಂಬ ನಿಯಮ ಆಯುರ್ವೇದದಲ್ಲಿ ಬಹು ಹಳೆಯದು. ದೀರ್ಘಕಾಲ ಕುದಿಸಿದರೆ ಆ ಬೇರಿನ ವಿಷಸತ್ತ್ವವು ಒಡೆದು ಬಹುಮಟ್ಟಿಗೆ ಸೌಮ್ಯವಾಗುವುದೆಂದು ರಸಾಯನಶಾಸ್ತ್ರವೂ ಒಪ್ಪಿದೆ. ದತ್ತೂರಿ, ಕಾಸರಕ ಇವುಗಳ ವಿಷಯದಲ್ಲಿಯೂ ಇಂಥದೇ ಎಚ್ಚರಿಕೆಯನ್ನು ಕಾಣುತ್ತೇವೆ. ಆದರೆ ಇವೆಲ್ಲಕ್ಕೂ ಸಾಮಾನ್ಯವಾದ ಒಂದು ಲಕ್ಷಣವನ್ನು ಗಮನಿಸಬೇಕು. ಬೆಳಗ್ಗೆ ತಿಂದವನು ಸಂಜೆಯೊಳಗೆ ಬೀಳುತ್ತಾನೆ. ಕಾರಣವೂ ಕಾರ್ಯವೂ ಒಂದೇ ದಿನದಲ್ಲಿ, ಒಂದೇ ಮನೆಯಲ್ಲಿ, ಎಲ್ಲರ ಕಣ್ಣೆದುರಿಗೇ ನಡೆದುಹೋಗುತ್ತವೆ.

ಇನ್ನು ನಮ್ಮ ಬೇರಿನ ಮಾತು. ಬೇಲಿಗಳ ಮೇಲೆಯೂ ಕುರುಚಲು ಕಾಡಿನಲ್ಲಿಯೂ ಹಬ್ಬುವ ಈಶ್ವರಿ ಬಳ್ಳಿಯನ್ನು ಹಳ್ಳಿಯವರು ಬಲ್ಲರು. ಹಾವು ಕಡಿದರೆ ಇದರ ಬೇರನ್ನು ತೇಯ್ದು ಕುಡಿಸುವ, ಮನೆಯ ಬಳಿ ನೆಟ್ಟರೆ ಹಾವು ಸುಳಿಯದೆಂದು ನಂಬುವ ವಾಡಿಕೆ ಉಂಟು. ಸಂಸ್ಕೃತದಲ್ಲಿ ಈಶ್ವರಮೂಲವೆಂದೂ ಸಸ್ಯಶಾಸ್ತ್ರದಲ್ಲಿ ಅರಿಸ್ಟೊಲೋಕಿಯ ಇಂಡಿಕವೆಂದೂ ಇದರ ಹೆಸರು. ಈ ಕುಲನಾಮವು ಗ್ರೀಕರದು. ‘ಹೆರಿಗೆಗೆ ಅತ್ಯುತ್ತಮವಾದುದು’ ಎಂಬುದು ಅದರ ಅರ್ಥ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಡಯಾಸ್ಕೊರಿಡೀಸನು ತನ್ನ ಮೂಲಿಕಾಗ್ರಂಥದಲ್ಲಿ ಇದರ ಬಗೆಗಳನ್ನು ವರ್ಣಿಸಿದನು. ಯೂರೋಪಿನ ಸೂಲಗಿತ್ತಿಯರು ಈ ಕುಲದ ಬೇರುಗಳನ್ನು ಬಾಣಂತಿಯರಿಗೆ ಕೊಡುತ್ತಿದ್ದರು. ಚೀನೀ ವೈದ್ಯರು ಇದೇ ಕುಲದ ಬೇರೆ ಬೇರೆ ಬಳ್ಳಿಗಳನ್ನು ಬಾವು ನೋವುಗಳಿಗೆ ಉಪಯೋಗಿಸಿದರು. ದೂರದೂರದ ನಾಡುಗಳು ಎರಡು ಸಾವಿರ ವರ್ಷಗಳ ಕಾಲ ಒಂದೇ ಕುಲದ ಬೇರನ್ನು ಔಷಧವೆಂದು ಆದರಿಸಿದುವು. ತಲತಲಾಂತರದ ಸಾಕ್ಷ್ಯಕ್ಕೆ ಇದಕ್ಕಿಂತ ಪ್ರಬಲವಾದ ಉದಾಹರಣೆಯನ್ನು ಹುಡುಕುವುದು ಕಷ್ಟ.

ಈ ಸಾಕ್ಷ್ಯವು ಮೊದಲು ಸಡಿಲಿದುದು ಔಷಧದ ಅಂಗಡಿಯಲ್ಲಲ್ಲ, ಗೋದಿಯ ಹೊಲದಲ್ಲಿ. ಡ್ಯಾನ್ಯೂಬ್ ನದಿಯ ಉಪನದಿಗಳ ದಂಡೆಯಲ್ಲಿರುವ ಕೆಲವು ಹಳ್ಳಿಗಳಲ್ಲಿ ರೈತರು ನಡುವಯಸ್ಸು ದಾಟುತ್ತಲೇ ಮೂತ್ರಪಿಂಡಗಳು ಬತ್ತಿ ಸಾಯುತ್ತಿದ್ದರು. 1956ರಲ್ಲಿ ಬಲ್ಗೇರಿಯದ ವೈದ್ಯರೂ ಮರುವರ್ಷ ಯುಗೋಸ್ಲಾವಿಯದ ವೈದ್ಯರೂ ಈ ರೋಗವನ್ನು ವರ್ಣಿಸಿದರು. ಒಂದು ಮನೆಯಲ್ಲಿ ರೋಗವಿದ್ದರೆ ಪಕ್ಕದ ಮನೆಯಲ್ಲಿ ಇರುತ್ತಿರಲಿಲ್ಲ. ನೀರು, ಬೂಷ್ಟು, ಸೀಸ, ಹೀಗೆ ಒಂದೊಂದರ ಮೇಲೆಯೂ ಅಪವಾದ ಬಂದಿತು. 1969ರಲ್ಲಿ ಇವಿಚ್ ಎಂಬ ವಿದ್ವಾಂಸನು, ಗೋದಿಯ ನಡುವೆ ಅರಿಸ್ಟೊಲೋಕಿಯ ಕುಲದ ಕಳೆಯೊಂದು ಬೆಳೆಯುತ್ತಿರುವುದನ್ನೂ, ಅದರ ಬೀಜವು ಕಾಳಿನೊಡನೆ ಸೇರಿ ಹಿಟ್ಟಾಗಿ ರೊಟ್ಟಿಯಲ್ಲಿ ಬರುತ್ತಿರುವುದನ್ನೂ ತೋರಿಸಿದನು. ಆಗ ಅವನ ಮಾತನ್ನು ಕೇಳಿದವರು ಕಡಮೆ.

ಕಿವಿಗೊಡುವಂತೆ ಮಾಡಿದುದು ಬ್ರಸೆಲ್ಸ್ ನಗರದ ದುರಂತ. ಅಲ್ಲಿನ ಒಂದು ಚಿಕಿತ್ಸಾಲಯದಲ್ಲಿ ಸ್ತ್ರೀಯರಿಗೆ ಮೈ ಇಳಿಸುವ ಗುಳಿಗೆಗಳನ್ನು ಹಲವು ವರ್ಷಗಳಿಂದ ಕೊಡುತ್ತಿದ್ದರು. 1990ರಲ್ಲಿ ಆ ಯೋಗಕ್ಕೆ ಎರಡು ಚೀನೀ ಮೂಲಿಕೆಗಳನ್ನು ಹೊಸದಾಗಿ ಸೇರಿಸಿದರು. ಅವುಗಳಲ್ಲಿ ಒಂದರ ಹೆಸರು ‘ಫಾಂಗ್ ಜಿ’. ಈ ಹೆಸರು ಚೀನದಲ್ಲಿ ಒಂದೇ ಬೇರಿಗೆ ಸಲ್ಲುವುದಿಲ್ಲ. ‘ಹಾನ್ ಫಾಂಗ್ ಜಿ’ ಎಂಬುದು ಸ್ಟೆಫಾನಿಯ ಕುಲದ್ದು. ‘ಗ್ವಾಂಗ್ ಫಾಂಗ್ ಜಿ’ ಎಂಬುದು ಅರಿಸ್ಟೊಲೋಕಿಯ. ಬೇಕಾಗಿದ್ದುದು ಮೊದಲನೆಯದು, ಮೂಟೆಯಲ್ಲಿ ಬಂದುದು ಎರಡನೆಯದು. ಪುಡಿಯಾದ ಮೇಲೆ ಕಣ್ಣಿಗೆ ಭೇದ ತಿಳಿಯುವುದೆಂತು? 1992ರಿಂದ ಆ ಊರಿನ ಆಸ್ಪತ್ರೆಗಳಿಗೆ ಐವತ್ತು ತುಂಬದ ಸ್ತ್ರೀಯರು ಮೂತ್ರಪಿಂಡ ನಿಂತುಹೋದ ಸ್ಥಿತಿಯಲ್ಲಿ ಬರತೊಡಗಿದರು. ವಾನ್‌ಹೆರ್ವೆಗೆಮ್ ಎಂಬ ವೈದ್ಯನೂ ಅವನ ಸಹೋದ್ಯೋಗಿಗಳೂ 1993ರಲ್ಲಿ ಇಂಥ 9 ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು; ಮುಂದೆ ಆ ಸಂಖ್ಯೆ ನೂರನ್ನು ಮೀರಿತು. ಪುಡಿಯಲ್ಲಿ ಅರಿಸ್ಟೊಲೋಕಿಕ್ ಆಮ್ಲವಿರುವುದು 1994ರಲ್ಲಿ ಖಚಿತವಾಯಿತು.

ವಿಷಯವು ಅಷ್ಟಕ್ಕೇ ಮುಗಿಯಲಿಲ್ಲ. ಗುಳಿಗೆ ನಿಲ್ಲಿಸಿ ವರ್ಷಗಳಾದ ಮೇಲೆ ಕೆಲವರ ಮೂತ್ರಮಾರ್ಗದಲ್ಲಿ ಏಡಿಹುಣ್ಣು ಕಾಣಿಸಿಕೊಂಡಿತು. ಮೂತ್ರಪಿಂಡ ಪೂರ್ತಿ ಕೆಟ್ಟಿದ್ದ 39 ಮಂದಿ, ಮುನ್ನೆಚ್ಚರಿಕೆಗಾಗಿ ಶಸ್ತ್ರಚಿಕಿತ್ಸೆಗೆ ಒಪ್ಪಿ ಆ ಅಂಗಗಳನ್ನು ತೆಗೆಯಿಸಿಕೊಂಡರು. ಅವರಲ್ಲಿ 18 ಮಂದಿಗೆ ಏಡಿಹುಣ್ಣು ಆಗಲೇ ಹುಟ್ಟಿತ್ತೆಂದು 2000ನೆಯ ಇಸವಿಯಲ್ಲಿ ಪ್ರಕಟವಾಯಿತು. ಒಟ್ಟು 200 ಗ್ರಾಮಿಗಿಂತ ಹೆಚ್ಚು ಪುಡಿಯನ್ನು ತಿಂದಿದ್ದವರಿಗೆ ಅಪಾಯ ಅಧಿಕವಾಗಿದ್ದಿತು. ತಿಂಗಳುಗಟ್ಟಲೆ ಸೇವಿಸುವ ಗುಳಿಗೆಯಲ್ಲಿ ಇದೇನೂ ದೊಡ್ಡ ತೂಕವಲ್ಲ. ಈ ಕುಲದ ಮೂಲಿಕೆಗಳು ಮನುಷ್ಯರಲ್ಲಿ ಏಡಿಹುಣ್ಣನ್ನು ಉಂಟುಮಾಡುವುವೆಂದು ಏಡಿಹುಣ್ಣಿನ ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆಯು 2002ರಲ್ಲಿ ನಿರ್ಣಯಿಸಿತು. ಡ್ಯಾನ್ಯೂಬ್ ದಂಡೆಯ ರೋಗಿಗಳ ಅಂಗಾಂಶದಲ್ಲಿ ಅದೇ ಆಮ್ಲದ ಗುರುತನ್ನು 2007ರಲ್ಲಿ ಕಂಡುಹಿಡಿದರು. ಇವಿಚನ ಮಾತು ನಿಜವೆಂದು ತಿಳಿಯಲು 38 ವರ್ಷಗಳು ಹಿಡಿದುವು.

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಎರಡು ಸಾವಿರ ವರ್ಷಗಳಲ್ಲಿ ಯಾರಿಗೂ ಏಕೆ ಗೊತ್ತಾಗಲಿಲ್ಲ? ಮೂತ್ರಪಿಂಡವು ನೋವಿಲ್ಲದೆ ಸವೆಯುತ್ತದೆ. ಬಾಣಂತಿಯಾಗಿದ್ದಾಗ ಕುಡಿದ ಕಷಾಯಕ್ಕೂ ಹತ್ತು ವರ್ಷಗಳ ಮೇಲೆ ಬಂದ ಮೈಬಾವಿಗೂ ಸಂಬಂಧವನ್ನು ಕಲ್ಪಿಸುವುದು ಯಾವ ಅಜ್ಜಿಗೆ ಸಾಧ್ಯ? ಸಾವಿರ ಜನರ ಲೆಕ್ಕವನ್ನಿಟ್ಟು, ಮೂಲಿಕೆ ತಿಂದವರನ್ನೂ ತಿನ್ನದವರನ್ನೂ ಹೋಲಿಸಿ ನೋಡುವ ಪದ್ಧತಿ ಇಲ್ಲದಿರುವಲ್ಲಿ ಇಂಥ ವಿಷವು ಕಣ್ಣಿಗೆ ಬೀಳದು. ಹಿರಿಯರ ಅನುಭವವು ಶೀಘ್ರವಿಷಗಳಿಗೆ ಒಳ್ಳೆಯ ಸಾಕ್ಷಿ, ನಿಧಾನವಿಷಗಳಿಗೆ ಸಾಕ್ಷಿಯೇ ಅಲ್ಲ. ನಮ್ಮ ಈಶ್ವರಿ ಬೇರಿನಲ್ಲಿಯೂ ಇರುವುದು ಅದೇ ಆಮ್ಲ. ಹಾವು ಕಡಿದವನನ್ನು ಒಡನೆಯೇ ಪ್ರತಿವಿಷದ ಚುಚ್ಚುಮದ್ದಿರುವ ಆಸ್ಪತ್ರೆಗೆ ಸಾಗಿಸಬೇಕಲ್ಲದೆ ಬೇರು ತೇಯುತ್ತ ಕಾಲ ಕಳೆಯಬಾರದೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಇಷ್ಟರಿಂದ ಕೇಳುವವರು ಹೆದರಿ ಓಮದ ಡಬ್ಬಿಯನ್ನು ಹೊರಗೆಸೆಯಬೇಕಾಗಿಲ್ಲ. ಪದಾರ್ಥದಂತೆಯೇ ಪ್ರಮಾಣವೂ ಕಾಲವೂ ಮುಖ್ಯ. ಕೆಮ್ಮಿಗೆ ಜಗಿಯುವ ಜೇಷ್ಠಮಧುವನ್ನೇ ನೋಡಿ. 1946ರಲ್ಲಿ ಹಾಲೆಂಡಿನ ರೇವರ್ಸ್ ಎಂಬ ವೈದ್ಯನು ಇದರ ಸಾರದಿಂದ ಜಠರದ ಹುಣ್ಣು ಮಾಯುವುದೆಂದು ಕಂಡನು; ಜತೆಗೆ ಕೆಲವು ರೋಗಿಗಳ ಮೈ ಬಾತುಕೊಳ್ಳುವುದನ್ನೂ ಕಂಡನು. ಎರಡು ದಿನ ಒಂದು ಚೂರನ್ನು ಜಗಿದವನಿಗೆ ಬಾಧೆಯಿಲ್ಲ. ವಾರಗಟ್ಟಲೆ ಹೆಚ್ಚಾಗಿ ತಿಂದರೆ ರಕ್ತದ ಒತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಅರಿಶಿನವೂ ಹಾಗೆಯೇ. ಸಾರಿನಲ್ಲಿರುವ ಚಿಟಿಕೆ ಬೇರೆ, ಅದರ ಸತ್ತ್ವವನ್ನು ಹಿಂಡಿ ತುಂಬಿದ ಗುಳಿಗೆ ಬೇರೆ. ಗುಳಿಗೆ ತಿಂದ ಕೆಲವರಿಗೆ ಕಾಮಾಲೆಯಾದುದು ಇಟಲಿಯಲ್ಲಿ 2019ರಲ್ಲಿ ವರದಿಯಾಯಿತು. ಸಾಂಕ್ರಾಮಿಕದ ವರ್ಷವಾದ 2020ರಲ್ಲಿ ಜನರು ಅಮೃತಬಳ್ಳಿಯ ಕಷಾಯವನ್ನು ನಿತ್ಯವಿಧಿಯಂತೆ ಕುಡಿದರು. ಮುಂಬಯಿಯಲ್ಲಿ ಯಕೃತ್ತು ಕೆಟ್ಟ 6 ಮಂದಿಯ ವರದಿ ಮರುವರ್ಷ ಬಂದಿತು. ಅದು ಅಮೃತಬಳ್ಳಿಯಲ್ಲ, ಅದರ ದಾಯಾದಿಯಾದ ಬೇರೊಂದು ಬಳ್ಳಿಯಿರಬಹುದೆಂದು ಆಯುಷ್ ಮಂತ್ರಾಲಯವು ಆಕ್ಷೇಪಿಸಿತು. ಈ ಆಕ್ಷೇಪಣೆಯಿಂದ ಔಷಧಕ್ಕೆ ಸಮರ್ಥನೆ ದೊರೆಯಿತೋ ಅಥವಾ ಕೊಳ್ಳುವವನ ಭಯ ಹೆಚ್ಚಿತೋ ನಾವು ಹೇಳಲಾರೆವು. ಬ್ರಸೆಲ್ಸಿನಲ್ಲಿಯೂ ಆದುದು ಅದೇ ತಾನೆ!

ಆದುದರಿಂದ ನಾವು ನಮ್ಮ ಮನೆಯಲ್ಲಿ ಇಟ್ಟುಕೊಂಡಿರುವ ಕಟ್ಟುಪಾಡು ಇಷ್ಟು. ಅಡಿಗೆಯಲ್ಲಿ ಬಳಸುವ ಪದಾರ್ಥವನ್ನು ಅಡಿಗೆಯ ಅಳತೆಯಲ್ಲಿ, ನಾಲ್ಕಾರು ದಿನಗಳಮಟ್ಟಿಗೆ ಮಾತ್ರ. ಗ್ರಂಥಿಗೆ ಅಂಗಡಿಯಿಂದ ತಂದರೆ ಇಡಿಯಾದ ಬೇರು ಅಥವಾ ಕಾಯಿ. ಹೆಸರು ತಿಳಿಯದ ಪುಡಿ ಬೇಡ. ಗರ್ಭಿಣಿಯರಿಗೂ ಎಳೆಗೂಸಿಗೂ ಮೂತ್ರಪಿಂಡ ಯಕೃತ್ತುಗಳ ರೋಗವುಳ್ಳವರಿಗೂ ವೈದ್ಯರನ್ನು ಕೇಳದೆ ಏನನ್ನೂ ಕೊಡುವುದಿಲ್ಲ. ರಕ್ತದೊತ್ತಡಕ್ಕೋ ಸಿಹಿಮೂತ್ರಕ್ಕೋ ಮಾತ್ರೆ ನುಂಗುವವರು ತಾವು ಕುಡಿಯುವ ಕಷಾಯವನ್ನು ವೈದ್ಯರಿಗೆ ತಿಳಿಸಲೇಬೇಕು. ಅದನ್ನು ಹೇಳಲು ನಾಚುವವರೇ ಹೆಚ್ಚು.

ಬೇಲಿಯ ಮೇಲಿನ ಈಶ್ವರಿ ಬಳ್ಳಿಯನ್ನು ಮಾತ್ರ ಯಾರೂ ಕೀಳಬೇಕಾಗಿಲ್ಲ. ಸಹ್ಯಾದ್ರಿಯ ಕಡೆ ಹಾರಾಡುವ ಕಪ್ಪು ಹಳದಿ ರೆಕ್ಕೆಯ ದೊಡ್ಡ ಚಿಟ್ಟೆಯು ಮೊಟ್ಟೆಯಿಡುವುದು ಈ ಕುಲದ ಬಳ್ಳಿಗಳ ಮೇಲೆ. ಅದರ ಹುಳುಗಳು ಎಲೆಯನ್ನು ತಿಂದು ಆ ಆಮ್ಲವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಹಕ್ಕಿಗಳು ಅವನ್ನು ಮುಟ್ಟುವುದಿಲ್ಲ.